ಅಕ್ಕನ ಹಾಡಿಗೆ ತೋಡಿದ ಗುಂಡಿ

“ಅವ್ವಾ, ಧ್ಯಾನಕ್ಕೆ ಕುಳಿತ ಕೂಡಲೇ ನನ್ನೊಳಗೆ ಗುಂಯ್ ಎಂಬ ಸದ್ದು ಏಳುತ್ತದೆ. ಏನು ಮಾಡಿದರೂ ನಿಲ್ಲುವುದಿಲ್ಲ. ನಾನು ಯಾವುದನ್ನು ಬದಲಿಸಬೇಕು? ಆಸನವನ್ನೋ, ಹೊತ್ತನ್ನೋ, ಮಂತ್ರವನ್ನೋ?”

ಹೀಗೆ ಕೇಳಿದವಳು ದಾನಮ್ಮ. ಪೇಟೆಯಲ್ಲಿ ಖಾನಾವಳಿ ನಡೆಸುವ ಹೆಂಗಸು. ಮಾತಿಗೆ ಸೋತವಳಲ್ಲ, ಕೆಲಸಕ್ಕೆ ಹೆದರಿದವಳಲ್ಲ. ಗುರುಮಾತೆಯ ಮಠಕ್ಕೆ ಅವಳು ಬರತೊಡಗಿ ಬಹಳ ವರ್ಷಗಳಾಗಿದ್ದವು. ದೀಕ್ಷೆ ಪಡೆದದ್ದೂ ಅಲ್ಲಿಯೇ. ಆದರೆ ಕಳೆದ ಶ್ರಾವಣದಿಂದ ಅವಳು ಪ್ರತಿ ಗುರುವಾರ ಗುಡ್ಡದ ಆಚೆಯ ಇನ್ನೊಂದು ಆಶ್ರಮಕ್ಕೂ ಹೋಗುತ್ತಿದ್ದಳು. ಅಲ್ಲಿಯ ಸ್ವಾಮಿಗಳು ಉಸಿರನ್ನು ನೋಡುತ್ತ ಕೂರುವ ಬೇರೊಂದು ಸಾಧನೆಯನ್ನು ಕಲಿಸುತ್ತಿದ್ದರು. ದಾನಮ್ಮ ಅದನ್ನೂ ಕಲಿತಳು. ಬೆಳಗ್ಗೆ ಇದು, ಸಂಜೆ ಅದು. ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಾಗಬೇಕು ಎಂಬುದು ಅವಳ ಎಣಿಕೆ. ಈ ಸಂಗತಿಯನ್ನು ಅವಳು ಗುರುಮಾತೆಗೆ ತಿಳಿಸಿರಲಿಲ್ಲ. ಮುಚ್ಚಿಟ್ಟೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ, ಅಷ್ಟೇ.

ಆ ದಿನ ಅವಳು ಒಂದು ನಿಶ್ಚಯ ಮಾಡಿಕೊಂಡೇ ಬಂದಿದ್ದಳು. ಜಪಮಾಲೆ ಸೆರಗಿನ ಗಂಟಿನಲ್ಲಿತ್ತು. ಉತ್ತರ ಸಿಕ್ಕದಿದ್ದರೆ ಅದನ್ನು ಗುರುಮಾತೆಯ ಕೈಗೆ ಒಪ್ಪಿಸಿ, ಇನ್ನು ಇದು ನನ್ನಿಂದಾಗದು ಎಂದು ಹೇಳಿ ಹೋಗುವುದು. ಆಮೇಲೆ ಒಲೆಯುಂಟು, ಹಂಚುಂಟು, ತಾನುಂಟು.

ಗುರುಮಾತೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

“ಆಸನವನ್ನು ಆಗಲೇ ಬದಲಿಸಿದ್ದೀಯಲ್ಲ?”

“ಬದಲಿಸಿದೆ ಅವ್ವಾ. ಕಂಬಳಿ ತೆಗೆದು ಬರಿಯ ಚಾಪೆ ಹಾಸಿದೆ.”

“ಸದ್ದು ನಿಂತಿತೇ?”

“ಸೊಂಟ ಹಿಡಿಯಿತು.”

ಗುರುಮಾತೆ ನಕ್ಕರು. ಶೇಂಗಾದ ಮೊರವನ್ನು ಇಬ್ಬರ ನಡುವೆ ಸರಿಸಿದರು. ದಾನಮ್ಮನೂ ಸುಲಿಯತೊಡಗಿದಳು. ಗುರುಮಾತೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನ ಕಿವಿಗೆ ಹೆಸರಿತ್ತು. ಹಿತ್ತಾಳೆಯ ಕೊಡವಾಗಲಿ, ಕಂಚಿನ ತಾಟಾಗಲಿ, ಬೆರಳಿನಿಂದ ಒಮ್ಮೆ ಬಾರಿಸಿ ಕಿವಿಗೊಟ್ಟನೆಂದರೆ ಮುಗಿಯಿತು. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಸಿಕ್ಕಿಬೀಳುತ್ತಿತ್ತು. “ಸದ್ದು ಕೆಟ್ಟಿದ್ದರೆ ಪಾತ್ರೆ ಕೆಟ್ಟಿದೆ,” ಎನ್ನುತ್ತಿದ್ದ. ಆ ಮಾತಿನಿಂದ ಅವನ ವ್ಯಾಪಾರ ಬೆಳೆದಿತ್ತು. ಸುತ್ತಲಿನ ಊರುಗಳವರು ಮದುವೆಯ ಪಾತ್ರೆಗೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವನಿಗೊಬ್ಬಳು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ರೊಟ್ಟಿ ತಟ್ಟುವಾಗ ಅವಳು ಹಾಡುತ್ತಿದ್ದಳು. ತೀರ ಮೆತ್ತಗಿನ, ತಗ್ಗಿನ ದನಿ. ಹೊಸಿಲಾಚೆ ಯಾರಾದರೂ ಬಂದರೆ ಹಾಡು ನಿಂತುಬಿಡುತ್ತಿತ್ತು. ಒಂದು ಸಾಲು ಹಾಡಿ, ರೊಟ್ಟಿಯನ್ನು ಹಂಚಿಗೆ ಹಾಕಿ, ಅದು ಉಬ್ಬುವವರೆಗೆ ಸುಮ್ಮನಿದ್ದು, ಆಮೇಲೆ ಮುಂದಿನ ಸಾಲು. ವ್ಯಾಪಾರಿ ಹಾಡು ಕಲಿತದ್ದು ಆ ಸಾಲುಗಳಿಂದಲೋ, ನಡುವಿನ ಮೌನದಿಂದಲೋ, ಅವನಿಗೇ ತಿಳಿಯದು.

ಅಕ್ಕನಿಗೆ ವಯಸ್ಸಾಯಿತು. ಅವಳು ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ಆ ದನಿ ಅವಳೊಂದಿಗೇ ಹೋಗಿಬಿಡುತ್ತದಲ್ಲ ಎಂಬ ಭಯ ವ್ಯಾಪಾರಿಯನ್ನು ಹಿಡಿಯಿತು. ದೀಪಾವಳಿಗೆ ತವರಿಗೆ ಬಂದಾಗ ಅವಳ ಕಾಲು ಹಿಡಿದು ಬೇಡಿದ. ಬಹಳ ಬೇಡಿದ ಮೇಲೆ ಅವಳು ಒಪ್ಪಿದಳು. ಒಲೆಯ ಮುಂದೆ ಕುಳಿತು, ರೊಟ್ಟಿ ತಟ್ಟುತ್ತ ಹಾಡಿದಳು. ಅವನು ಒಳ್ಳೆಯ ಮೈಕು ಇಟ್ಟು ಅದನ್ನು ತುಂಬಿಕೊಂಡ. ಹೊರಡುವಾಗ ಅಕ್ಕ ಒಂದು ಮಾತು ಹೇಳಿದಳು.

“ತಮ್ಮಾ, ಯುಗಾದಿಗೆ ಬರುತ್ತೇನೆ. ಆಗ ಒಮ್ಮೆ ನನಗೆ ಕೇಳಿಸು. ಅದು ನಾನೇ ಎಂದು ನನಗೆ ಅನ್ನಿಸಿದರೆ ಇಟ್ಟುಕೋ. ಅನ್ನಿಸದಿದ್ದರೆ ನನ್ನ ಕಣ್ಣೆದುರಿಗೇ ಅಳಿಸಿಬಿಡು. ಬೇರೆ ಯಾರದೋ ದನಿಗೆ ನನ್ನ ಹೆಸರಿಟ್ಟು ಬಿಟ್ಟುಹೋಗುವುದು ನನಗೆ ಬೇಡ.”

ವ್ಯಾಪಾರಿ ಮಾತು ಕೊಟ್ಟ. ಅಕ್ಕನಿಗೆ ಕೊಟ್ಟ ಮಾತನ್ನು ಅವನು ಎಂದೂ ಮುರಿದವನಲ್ಲ.

ಈಗ ಹಾಡು ಅವನ ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಕುಳಿತಿತ್ತು. ಅಂಕಿಗಳನ್ನು ಮರಳಿ ನಾದವಾಗಿಸಲು ಒಂದು ಪೆಟ್ಟಿಗೆ ಬೇಕು. ಅದಕ್ಕೆ ಡ್ಯಾಕ್ ಎನ್ನುತ್ತಾರೆ. ಆ ನಾದಕ್ಕೆ ಬಲ ಕೊಡಲು ಆಂಪ್ಲಿಫೈಯರ್ ಬೇಕು. ಕೊನೆಯಲ್ಲಿ ಎರಡು ಸ್ಪೀಕರು. ಇವುಗಳ ನಡುವೆ ತಂತಿಗಳು. ವ್ಯಾಪಾರಿ ಇವನ್ನೆಲ್ಲ ತರಲು ದೊಡ್ಡ ಪೇಟೆಗೆ ಹೋದ.

ಅಂಗಡಿಯವನು ತಂತಿಗಳನ್ನು ರೇಷ್ಮೆ ಸೀರೆ ತೋರಿಸಿದ ಹಾಗೆ ಹರಡಿದ. ಹೆಬ್ಬೆರಳಿನ ದಪ್ಪದ್ದು, ಜಡೆ ಹೆಣೆದದ್ದು, ಬೆಳ್ಳಿ ಲೇಪಿಸಿದ್ದು.

“ಇದನ್ನು ಹಾಕಿ ನೋಡಿ ಸಾಹುಕಾರರೇ. ಹಾಡುವವರು ಬಂದು ನಿಮ್ಮ ಪಕ್ಕದಲ್ಲೇ ಕೂರುತ್ತಾರೆ.”

“ನಮ್ಮ ಅಕ್ಕ ಯಾರ ಪಕ್ಕದಲ್ಲೂ ಕುಳಿತು ಹಾಡಿದವಳಲ್ಲ,” ಎಂದ ವ್ಯಾಪಾರಿ. “ಅವಳು ಅಡುಗೆಮನೆಯಲ್ಲೇ ಇರಲಿ. ನನಗೆ ಅಲ್ಲಿಂದ ಕೇಳಿಸಿದರೆ ಸಾಕು.”

ಅವನು ಚೆನ್ನಾಗಿಯೇ ಆರಿಸಿದ. ಸ್ಪೀಕರಿನ ಮರದ ಪೆಟ್ಟಿಗೆಗಳನ್ನು ಕೊಡ ಬಾರಿಸುವ ಹಾಗೆ ಬೆರಳಿನಿಂದ ಬಾರಿಸಿದ. ಪೊಳ್ಳು ಸದ್ದು ಬಂದವನ್ನು ಬದಿಗೆ ಸರಿಸಿ, ಗಟ್ಟಿಯಾಗಿ ಸುಮ್ಮನಿದ್ದವನ್ನು ಕೊಂಡ. ಅಂಕಿ ಸಾಗಿಸುವ ತಂತಿಗೆ ಅಂಕಿ ಪೂರ್ತಿ ತಲುಪಿದರೆ ಸಾಕು, ಅದರಲ್ಲಿ ಸಿಹಿ ಕಹಿ ಇರುವುದಿಲ್ಲ ಎಂದು ಅವನಿಗೆ ಹೊಳೆದಿತ್ತು. ಸ್ಪೀಕರಿಗೆ ಹೋಗುವ ತಂತಿ ತಕ್ಕಷ್ಟು ದಪ್ಪವಿರಲಿ, ಉದ್ದ ಕಡಿಮೆಯಿರಲಿ ಎಂದು ಸಾದಾ ತಾಮ್ರದ್ದನ್ನು ಆರಿಸಿದ. ಮನೆಗೆ ತಂದು, ನಡುಮನೆಯಲ್ಲಿ ಒಂದೇ ಬೋರ್ಡಿಗೆ ಎಲ್ಲವನ್ನೂ ಜೋಡಿಸಿ ಹಾಡು ಹಚ್ಚಿದ. ಅಕ್ಕ ಅಡುಗೆಮನೆಯಲ್ಲಿ ಹಾಡಿದಳು. ಅವನ ಹೆಂಡತಿ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಳು.

“ಇಷ್ಟಾದರೆ ಸಾಕಲ್ಲ ರೀ,” ಎಂದಳು.

ಸಾಕಾಗಿತ್ತು. ಅಲ್ಲಿಗೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ವ್ಯಾಪಾರಿಗೆ ಒಬ್ಬ ಗೆಳೆಯನಿದ್ದ. ಹಾಡಿನ ಯಂತ್ರಗಳ ವಿಷಯದಲ್ಲಿ ತನಗೆ ತಿಳಿಯದ್ದು ಉಂಟೆಂದು ನಂಬದವನು. ಅವನು ಬಂದು ಎಲ್ಲವನ್ನೂ ನೋಡಿ, ತಲೆದೂಗಿ, ಕೊನೆಗೆ ಗೋಡೆಯ ಪ್ಲಗ್ಗಿನತ್ತ ಬೆರಳು ತೋರಿದ.

“ಎಲ್ಲ ಸರಿ. ಆದರೆ ಇಂಥ ಯಂತ್ರಕ್ಕೆ ನಿಮ್ಮಪ್ಪನ ಕಾಲದ ಅರ್ತಿಂಗ್ ಗುಂಡಿಯೇ? ಇದಕ್ಕೆಂದೇ ಒಂದು ಹೊಸ ಗುಂಡಿ ತೋಡಿಸು. ಆಗ ನೋಡು ದನಿಯ ಬೆಡಗು.”

ಅರ್ತಿಂಗ್ ಗುಂಡಿ ನಿನಗೂ ಗೊತ್ತಿರಬೇಕು, ದಾನಮ್ಮ. ನಿನ್ನ ಖಾನಾವಳಿಯ ಹಿತ್ತಿಲಲ್ಲೂ ಇರುತ್ತದೆ. ಯಂತ್ರದ ಮೈಗೆ ತಪ್ಪಿ ಹರಿದ ಕರೆಂಟು ಮನುಷ್ಯರನ್ನು ಹಿಡಿಯದೆ ನೆಲಕ್ಕೆ ಇಳಿದು ಹೋಗಲಿ ಎಂದು ಅದನ್ನು ತೋಡುತ್ತಾರೆ. ತಾಮ್ರದ ತಗಡು ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ ಮುಚ್ಚುತ್ತಾರೆ. ಆಗಾಗ ನೀರು ಹಾಕುತ್ತಾರೆ. ತೇವವಿದ್ದಷ್ಟೂ ಅದು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ವ್ಯಾಪಾರಿ ಹಿತ್ತಿಲಲ್ಲಿ ಆಳವಾದ ಗುಂಡಿ ತೋಡಿಸಿದ. ತಾಮ್ರದ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ತನ್ನ ಅಂಗಡಿಯಿಂದಲೇ ದಪ್ಪ ತಗಡು ತಂದು ಹೂತ. ಹೊಸ ಗುಂಡಿಯಿಂದ ಹೊಸ ಪ್ಲಗ್ಗಿಗೆ ತಂತಿ ಎಳೆಸಿ ಆಂಪ್ಲಿಫೈಯರನ್ನು ಅದಕ್ಕೆ ಸೇರಿಸಿದ. ಕಂಪ್ಯೂಟರ್ ಮಾತ್ರ ಎದುರು ಗೋಡೆಯ ಹಳೆಯ ಪ್ಲಗ್ಗಿನಲ್ಲೇ ಉಳಿಯಿತು. ಅದು ಅಂಗಡಿಯ ಕೆಲಸಕ್ಕೂ ಬೇಕು, ಅಲ್ಲೇ ಇರಲಿ ಎಂದುಕೊಂಡ. ಅದೇ ವಾರ ಗೆಳೆಯನ ಮಾತು ಕೇಳಿ ಸ್ಪೀಕರಿಗೆಂದು ಒಂದು ದಪ್ಪ ತಂತಿಯನ್ನೂ ತಂದಿದ್ದ. ಎಲ್ಲವನ್ನೂ ಸೇರಿಸಿ, ಕೈ ತೊಳೆದು ಬಂದು, ಹಾಡು ಹಚ್ಚಿದ.

ಗುಂಯ್.

ಅಕ್ಕನ ದನಿ ಇತ್ತು. ಅದರ ಅಡಿಯಲ್ಲಿ ಗುಂಯ್ ಎಂಬುದೂ ಇತ್ತು. ಸಾಲು ಮುಗಿದು ರೊಟ್ಟಿ ಉಬ್ಬುವವರೆಗಿನ ಆ ಮೌನ ಇತ್ತಲ್ಲ, ಅದರ ತುಂಬ ಈಗ ಗುಂಯ್ ಎಂಬುದೇ ತುಂಬಿತ್ತು. ದನಿ ತಗ್ಗಿಗೆ ಇಳಿದಾಗಲೆಲ್ಲ ಅದು ಬಂದು ಮೇಲೆ ಕೂರುತ್ತಿತ್ತು. ಇದನ್ನು ಕೇಳಿದರೆ ಅಕ್ಕ ಅರೆಗಳಿಗೆಯೂ ಕೂರುವುದಿಲ್ಲ, ಅಳಿಸು ಎಂದು ಎದ್ದುಬಿಡುತ್ತಾಳೆ ಎಂದು ವ್ಯಾಪಾರಿಗೆ ಖಚಿತವಾಗಿ ತಿಳಿಯಿತು.

ಅವನೇನೂ ಧೈರ್ಯಗೆಡಲಿಲ್ಲ. ಸದ್ದು ಕೆಟ್ಟಿದೆ, ಅಂದರೆ ಯಾವುದೋ ಒಂದು ಪಾತ್ರೆ ಕೆಟ್ಟಿದೆ. ಹುಡುಕಿ ತೆಗೆದರಾಯಿತು ಎಂದುಕೊಂಡ. ಮೊದಲು ಹೊಸ ದಪ್ಪ ತಂತಿಯನ್ನು ಕಿತ್ತು ಹಳೆಯದನ್ನು ಹಾಕಿದ. ಗುಂಯ್. ಡ್ಯಾಕ್ ಪೆಟ್ಟಿಗೆಯನ್ನು ಪೇಟೆಯ ಅಂಗಡಿಗೆ ಒಯ್ದ. ಅಲ್ಲಿ ಅದು ಕೋಗಿಲೆಯ ಹಾಗೆ ಹಾಡಿತು. ಮನೆಗೆ ತಂದರೆ ಗುಂಯ್. ಆಂಪ್ಲಿಫೈಯರನ್ನು ಒಯ್ದ. ಅಂಗಡಿಯಲ್ಲಿ ಅದೂ ಹಾಡಿತು. ಮನೆಯಲ್ಲಿ ಗುಂಯ್. ಅದನ್ನು ಕೊಟ್ಟು ಅದಕ್ಕಿಂತ ದೊಡ್ಡದನ್ನು ತಂದ. ಆ ದೊಡ್ಡದು ಗುಂಯ್ ಎಂಬುದನ್ನೂ ದೊಡ್ಡದಾಗಿಯೇ ಕೇಳಿಸಿತು.

“ಅಂಗಡಿಯಲ್ಲಿ ಹಾಡುವುದು ಮನೆಯಲ್ಲಿ ಗೊಣಗುತ್ತದೆಯಲ್ಲ,” ಎಂದಳು ಹೆಂಡತಿ. “ಥೇಟು ನಿಮ್ಮ ಹಾಗೆಯೇ.”

ಅಂಗಡಿಯವನು ಬೇಸತ್ತು ಒಂದು ಉಪಾಯ ಹೇಳಿದ. ಪ್ಲಗ್ಗಿನ ಮೂರನೆಯ ಪಿನ್ನನ್ನು, ಅಂದರೆ ನೆಲಕ್ಕೆ ಹೋಗುವ ಪಿನ್ನನ್ನು, ಕತ್ತರಿಸಿ ಬಿಸಾಕು; ಸದ್ದು ನಿಲ್ಲುತ್ತದೆ. ವ್ಯಾಪಾರಿ ಒಪ್ಪಲಿಲ್ಲ. “ನೆಲದ ಆಸರೆಯಿಲ್ಲದ ಯಂತ್ರವನ್ನು ಅಕ್ಕ ಒದ್ದೆ ಕೈಯಿಂದ ಮುಟ್ಟಿದರೆ ಗತಿಯೇನು? ಅವಳ ದನಿ ಉಳಿಸಲು ಹೊರಟು ಅವಳನ್ನೇ ಕಳೆದುಕೊಳ್ಳಲೇ?” ಎಂದು ಎದ್ದು ಬಂದ. ಆ ಗೊಂದಲದಲ್ಲಿಯೂ ಅವನು ಇಷ್ಟನ್ನು ಸರಿಯಾಗಿ ಯೋಚಿಸಿದ.

ಬದಲಿಸಬಹುದಾದ್ದನ್ನೆಲ್ಲ ಬದಲಿಸುತ್ತ ಹೋದ. ಹಿತ್ತಿಲ ಗುಂಡಿಯ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಅವನ ಬಳಿ ಇದ್ದುದರಲ್ಲೆಲ್ಲ ಅತ್ಯಂತ ಒಳ್ಳೆಯದು ಅದೇ. ಅವನದೇ ತಾಮ್ರ, ಅವನೇ ನಿಂತು ತುಂಬಿಸಿದ ಉಪ್ಪು. ಅದಕ್ಕೆ ನೀರು ಹಾಕುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ್ದ. ಅವಳು ನಿತ್ಯವೂ ತಪ್ಪದೆ ಹಾಕುತ್ತಿದ್ದಳು, ಹಾಕುತ್ತ ಆಡಿಕೊಳ್ಳುತ್ತಲೂ ಇದ್ದಳು.

“ತುಳಸಿಗೆ ಒಂದು ತಂಬಿಗೆ, ನಿಮ್ಮ ಗುಂಡಿಗೆ ಒಂದು ಕೊಡ. ಇದು ಯಾವ ದೇವರೆಂದು ಪಕ್ಕದ ಮನೆಯವರು ಕೇಳುತ್ತಿದ್ದಾರೆ ರೀ. ಏನು ಹೇಳಲಿ?”

“ಅಕ್ಕನ ಹಾಡಿನ ದೇವರು ಎಂದು ಹೇಳು.”

ಶಿವರಾತ್ರಿ ಕಳೆಯಿತು. ಹೆಂಡತಿ ತಂಗಿಯ ಬಾಣಂತನಕ್ಕೆಂದು ತವರಿಗೆ ಹೊರಟಳು. ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ ಎಂದು ಬಸ್ಸು ಹತ್ತುವಾಗಲೂ ಹೇಳಿದಳು. ವ್ಯಾಪಾರಿ ಮರೆತ. ಅವನ ತಲೆಯ ತುಂಬ ಬೆಳ್ಳಿಯ ತಂತಿ ಇತ್ತು. ಮೊದಲ ದಿನವೇ ಬೇಡವೆಂದು ಸರಿಸಿ ಬಂದಿದ್ದ ಆ ತಂತಿಯನ್ನೇ ಈಗ ಹೋಗಿ ತಂದಿದ್ದ. ಬಿಸಿಲು ಏರತೊಡಗಿತ್ತು. ಕಪ್ಪು ಮಣ್ಣಿನ ಊರು. ಗುಂಡಿಯ ಮೇಲಿನ ಮಣ್ಣು ಒಣಗಿ ಬಿರಿಯಿತು. ಒಳಗಿನ ಇದ್ದಿಲೂ ಒಣಗಿತು. ಅದನ್ನು ನೋಡಲು ಅವನು ಹಿತ್ತಿಲಿಗೆ ಹೋಗಲೇ ಇಲ್ಲ. ಅವನು ನೋಡಿದ್ದು ಬೇರೆಯದನ್ನು. ಬೆಳ್ಳಿಯ ತಂತಿ ಹಾಕಿದ ಮೇಲೆ ಗುಂಯ್ ಎಂಬುದು ದಿನದಿಂದ ದಿನಕ್ಕೆ ತೆಳ್ಳಗಾಗುತ್ತ ಬಂತು. ಒಂದು ಬೆಳಗ್ಗೆ ನೋಡಿದರೆ ಇಲ್ಲವೇ ಇಲ್ಲ.

ಅವನು ಅಂಗಡಿಗೆ ಬಂದವರಿಗೆಲ್ಲ ಬೆಳ್ಳಿಯ ತಂತಿಯ ಮಹಿಮೆ ಹೇಳಿದ. ತಂತಿ ಮನೆಗೆ ಒಗ್ಗಿಕೊಳ್ಳಲು ಕೆಲವು ದಿನ ಬೇಕು, ಆಮೇಲೆ ನೋಡಿ ಎಂದ. ಗೆಳೆಯ ಅಂಥದೇ ಒಂದನ್ನು ತನ್ನ ಮನೆಗೂ ತಂದುಕೊಂಡ. ಅಕ್ಕನಿಗೆ ಫೋನು ಮಾಡಿ, “ನಿಶ್ಚಿಂತೆಯಿಂದ ಬಾ, ನಿನ್ನ ದನಿ ಸಿದ್ಧವಾಗಿದೆ,” ಎಂದು ಹೇಳಿದ.

ಯುಗಾದಿಯ ಮುನ್ನಾದಿನ ಹೆಂಡತಿ ತವರಿನಿಂದ ಬಂದಳು. ನಾಳೆ ಮಧ್ಯಾಹ್ನದ ಬಸ್ಸಿಗೆ ಅಕ್ಕ ಬರುವವಳು. ವ್ಯಾಪಾರಿ ನಡುಮನೆಯಲ್ಲಿ ಕುಳಿತು ಹಾಡು ಹಚ್ಚಿದ್ದ. ಹೆಂಡತಿ ಚೀಲ ಇಳಿಸಿ, ಕಾಲು ತೊಳೆಯಲೆಂದು ಹಿತ್ತಿಲಿಗೆ ಹೋದವಳು ಅಲ್ಲಿಂದಲೇ ಬೈಯತೊಡಗಿದಳು.

“ಒಂದು ಕೊಡ ನೀರು ಹಾಕಿ ಎಂದರೆ ಅದೂ ಆಗಲಿಲ್ಲವೇ? ನಿಮ್ಮ ಅಕ್ಕನ ದೇವರ ನಾಲಗೆ ಒಣಗಿ ಬಿರಿದಿದೆ ನೋಡಿ ಇಲ್ಲಿ.”

ಕೊಡ ತುಂಬುವ ಸದ್ದು ಕೇಳಿಸಿತು. ನೀರು ಸುರಿಯುವ ಸದ್ದು ಕೇಳಿಸಿತು. ಅಕ್ಕ ಒಂದು ಸಾಲು ಮುಗಿಸಿ ಸುಮ್ಮನಾದಳು. ಆ ಮೌನದ ತಳದಿಂದ, ತೀರ ಸಣ್ಣಗೆ, ಗುಂಯ್ ಎಂಬುದು ಎದ್ದಿತು.

ವ್ಯಾಪಾರಿ ಬೆಳ್ಳಿಯ ತಂತಿಯನ್ನು ನೋಡಿದ. ಅದು ಇದ್ದಲ್ಲೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಹಿತ್ತಿಲಲ್ಲಿ ಎರಡನೆಯ ಕೊಡ ಸುರಿಯಿತು. ಇಲ್ಲಿ ಗುಂಯ್ ಎಂಬುದು ಇನ್ನಷ್ಟು ಏರಿತು. ಅವನು ಎದ್ದು ಹಿತ್ತಿಲ ಬಾಗಿಲಿಗೆ ಬಂದ.

“ಇನ್ನೊಂದು ಕೊಡ ಹಾಕು.”

“ಬೈದೆನೆಂದು ಹಠವೇ?”

“ಹಠವಲ್ಲ. ಹಾಕು, ಕೇಳಬೇಕು.”

ಅವಳು ಗಂಡನ ಮುಖ ನೋಡಿ ಇನ್ನೊಂದು ಕೊಡ ಹಾಕಿದಳು. ನೀರು ಇಂಗುತ್ತ ಹೋಯಿತು. ಒಳಗೆ ಸದ್ದು ಏರುತ್ತ ಹೋಯಿತು. ಬಾಗಿಲ ನಡುವೆ ನಿಂತ ಅವನ ಒಂದು ಕಿವಿಗೆ ನೀರು, ಇನ್ನೊಂದು ಕಿವಿಗೆ ಗುಂಯ್. ಆ ಕಿವಿಗಳು ಸಾಮಾನ್ಯದವಲ್ಲ. ಕಾರಣ ಏನೆಂದು ಅವನಿಗೆ ಆ ಕ್ಷಣ ತಿಳಿಯಲಿಲ್ಲ. ಎಲ್ಲಿ ಎಂಬುದು ತಿಳಿಯಿತು.

ಅವನು ಒಳಗೆ ಬಂದು ಎಲ್ಲ ಯಂತ್ರಗಳನ್ನೂ ಬಂದ್ ಮಾಡಿದ. ಆಂಪ್ಲಿಫೈಯರಿನ ಪ್ಲಗ್ಗನ್ನು ಹೊಸ ಗುಂಡಿಯ ಗೋಡೆಯಿಂದ ಕಿತ್ತು, ಎದುರು ಗೋಡೆಗೆ ಒಯ್ದು, ಕಂಪ್ಯೂಟರ್ ಇದ್ದ ಹಳೆಯ ಬೋರ್ಡಿಗೇ ಸಿಕ್ಕಿಸಿದ. ಮತ್ತೆ ಹಚ್ಚಿದ. ಏನೂ ಕೇಳಿಸಲಿಲ್ಲ. ಯಂತ್ರ ಕೆಟ್ಟಿತೋ ಎಂದು ಸ್ಪೀಕರಿಗೆ ಕಿವಿ ಆನಿಸಿದ. ಆಗ ಹಾಡಿಗೆ ಮುಂಚೆ ಅಕ್ಕ ಎಳೆದುಕೊಂಡ ಉಸಿರು ಕೇಳಿಸಿತು.

ಬೆಳ್ಳಿಯ ತಂತಿಯನ್ನು ತೆಗೆದು, ಮೊದಲ ದಿನ ಕೊಂಡಿದ್ದ ಸಾದಾ ತಾಮ್ರದ ತಂತಿಯನ್ನು ಅಟ್ಟದಿಂದ ಇಳಿಸಿ ಹಾಕಿದ. ಅದೇ ಉಸಿರು, ಅದೇ ಮೌನ.

“ಆ ಬೆಳ್ಳಿಯದನ್ನು ನನಗೆ ಕೊಡಿ,” ಎಂದಳು ಹೆಂಡತಿ. “ಒಂದು ಕಾಲುಂಗುರವಾದರೂ ಆಗಲಿ.”

ಮರುದಿನ ಅಕ್ಕ ಬಂದಳು. ಬೇವು ಬೆಲ್ಲ ತಿಂದಳು. ನಡುಮನೆಯಲ್ಲಿ ಕೂರು ಎಂದರೆ ಕೂರಲಿಲ್ಲ. ಅಡುಗೆಮನೆಯ ಹೊಸಿಲಿಗೆ ಒರಗಿ, ಸೆರಗು ಹೊದ್ದು, ಸ್ಪೀಕರುಗಳಿಗೆ ಬೆನ್ನು ಹಾಕಿ ಕುಳಿತಳು. “ಹಚ್ಚು,” ಎಂದಳು.

ವ್ಯಾಪಾರಿ ಹಚ್ಚಿದ. ಯಂತ್ರದ ಬಗ್ಗೆ ಅವನಿಗೆ ಈಗ ಅಂಜಿಕೆಯಿರಲಿಲ್ಲ, ಉಳಿದದ್ದು ಅಕ್ಕನ ತೀರ್ಪು.

ಒಂದು ಸಾಲು ಮುಗಿಯಿತು. ಮೌನ ಬಂತು. ಆ ಮೌನದಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬಿ, ಉಸ್ ಎಂದು ಆವಿ ಬಿಟ್ಟದ್ದು ಕೇಳಿಸಿತು. ಅಕ್ಕ ಬೆನ್ನು ತಿರುಗಿಸಿಯೇ ಕೈ ಮುಂದೆ ಚಾಚಿದಳು, ರೊಟ್ಟಿ ಮಗುಚುವವಳ ಹಾಗೆ. ಚಾಚಿದ ಕೈಯನ್ನು ತಾನೇ ನೋಡಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಕೊನೆಯವರೆಗೂ ಕೇಳಿದಳು.

“ಇಟ್ಟುಕೋ ತಮ್ಮಾ,” ಎಂದಳು. “ನಾನೇ ಇದು.”

ಗುರುಮಾತೆ ಇಲ್ಲಿಗೆ ನಿಲ್ಲಿಸಿ, ಮೊರದ ಸಿಪ್ಪೆಯನ್ನು ಊದಿ ಹಾರಿಸಿದರು.

ದಾನಮ್ಮನಿಗೆ ಕತೆ ಹಿಡಿಸಿತು. ಆದರೆ ಖಾನಾವಳಿಯ ಹೆಂಗಸು. ಕೊಂಡದ್ದು ಕೆಟ್ಟಿದ್ದರೆ ಯಾವ ಚೀಲದ್ದು ಎಂದು ಕೇಳದೆ ಬಿಡುವವಳಲ್ಲ.

“ಅಂತೂ ಆ ಹೊಸ ಗುಂಡಿಯೇ ಕೆಟ್ಟದ್ದು ಅನ್ನಿ ಅವ್ವಾ. ಆ ಗೆಳೆಯ ಮನೆಹಾಳ.”

“ಗುಂಡಿ ಚೆನ್ನಾಗಿತ್ತು,” ಎಂದರು ಗುರುಮಾತೆ. “ಹಬ್ಬ ಕಳೆದ ಮೇಲೆ ವೈರ್‌ಮನ್ ಬಂದು ನೋಡಿದ. ಇಂಥ ಗುಂಡಿಯನ್ನು ನಾನು ಕಂಡೇ ಇಲ್ಲ ಎಂದ.”

“ಹಾಗಿದ್ದರೆ ಹಳೆಯದು ಕೆಟ್ಟಿತ್ತೇ?”

“ಹಳೆಯದೂ ಚೆನ್ನಾಗಿಯೇ ಇತ್ತು. ಎಲ್ಲವನ್ನೂ ಹಳೆಯದಕ್ಕೆ ಕಟ್ಟಿದಾಗ ಸದ್ದು ನಿಂತಿತು. ಎಲ್ಲವನ್ನೂ ಹೊಸದಕ್ಕೆ ಕಟ್ಟಿದ್ದರೂ ನಿಲ್ಲುತ್ತಿತ್ತು. ಆ ನೆಲಕ್ಕೂ ಈ ನೆಲಕ್ಕೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಎರಡಕ್ಕೂ ಕಟ್ಟಿಕೊಂಡರೆ ಆ ಹೆಚ್ಚು ಕಡಿಮೆ ಹಾಡಿನ ತಂತಿಯನ್ನೇ ದಾರಿ ಮಾಡಿಕೊಂಡು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಯುತ್ತದೆ. ಆ ಅಲೆದಾಟವೇ ಗುಂಯ್ ಎನ್ನುವುದು. ಗುಂಡಿ ಒಣಗಿದಾಗ ನೆಲದ ಹಿಡಿತ ಸಡಿಲಿ ಅಲೆಯಲು ದಾರಿಯಿಲ್ಲದಾಯಿತು, ನೀರು ಬಿದ್ದಾಗ ದಾರಿ ಮತ್ತೆ ತೆರೆಯಿತು. ವ್ಯಾಪಾರಿ ಕೆಟ್ಟದ್ದನ್ನು ಹುಡುಕಿದ. ಅವನ ಮನೆಯಲ್ಲಿ ಕೆಟ್ಟದ್ದು ಯಾವುದೂ ಇರಲಿಲ್ಲ, ಅದಕ್ಕೇ ಸಿಕ್ಕಲಿಲ್ಲ.”

ದಾನಮ್ಮನ ಕೈ ಶೇಂಗಾದ ಮೇಲೆ ನಿಂತಿತು. ಬೆಳಗ್ಗೆ ಮಂತ್ರ ಹಿಡಿದು ಕುಳಿತಾಗ ಉಸಿರನ್ನು ನೋಡಲೇ ಎಂದು ಏಳುವ ಮನಸ್ಸು ಅವಳ ನೆನಪಿಗೆ ಬಂತು. ಸಂಜೆ ಉಸಿರನ್ನು ನೋಡುತ್ತ ಕುಳಿತಾಗ, ಮಂತ್ರ ಬಿಟ್ಟೆನಲ್ಲ ಎಂದು ಏಳುವ ಮನಸ್ಸೂ ನೆನಪಿಗೆ ಬಂತು. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿಕೊಂಡಳು. ಗುಡ್ಡದ ಆಚೆಯ ಮಾತನ್ನು ಈಗಲಾದರೂ ಹೇಳಬೇಕು, ಯಾವ ಮಾತಿನಿಂದ ಶುರು ಮಾಡಲಿ ಎಂದು ಬಾಯಿ ತೆರೆದಳು.

ಗುರುಮಾತೆ ಮೊರದಿಂದ ಒಂದು ಹಿಡಿ ಕಾಳು ತೆಗೆದು ಅವಳ ಅಂಗೈಯಲ್ಲಿಟ್ಟರು.

“ಗುರುವಾರದ ನೆಲವೂ ಒಳ್ಳೆಯದೇ ದಾನಮ್ಮ. ಎರಡರಲ್ಲಿ ಯಾವುದನ್ನು ಬಿಡುತ್ತೀಯೋ, ಅದನ್ನು ಮನೆ ಮುಟ್ಟುವ ಮೊದಲೇ ಬಿಟ್ಟುಬಿಡು.”